ಕಾಲು ಕೊಟ್ಟವಳು

ನಾನು ಚಿಕ್ಕವಳಿದ್ದಾಗ, ವಯಸ್ಸಾದ ಮೇಲೆ ಕೂದಲು ನೆರೆಯುವ ಹಾಗೆ ಕಾಲೂ ಒದ್ದೆಯಾಗುತ್ತದೆ ಎಂದು ತಿಳಿದುಕೊಂಡಿದ್ದೆ. ನಮ್ಮ ಓಣಿಯ ಯಾವ ಮನೆಗೆ ಹೋದರೂ ಅಲ್ಲೊಬ್ಬ ಅಜ್ಜಿಯೋ ದೊಡ್ಡವ್ವನೋ ಇರುತ್ತಿದ್ದಳು. ಅವಳು ನಡೆದಲ್ಲೆಲ್ಲ, ಈಗಷ್ಟೇ ಬಚ್ಚಲಿನಿಂದ ಎದ್ದು ಬಂದವಳ ಹಾಗೆ, ಹಸಿ ಹೆಜ್ಜೆ ಮೂಡುತ್ತಿತ್ತು. ಬೇಸಿಗೆಯಲ್ಲಿ ನಾವು ಹುಡುಗಿಯರು ಆ ಹೆಜ್ಜೆಗಳ ಮೇಲೆ ಹೆಜ್ಜೆಯಿಟ್ಟು ಅಂಗಾಲು ತಂಪು ಮಾಡಿಕೊಳ್ಳುತ್ತಿದ್ದೆವು. ನನ್ನ ಕಾಲು ಯಾವಾಗ ಒದ್ದೆಯಾಗುತ್ತದೆ ಎಂದು ಒಮ್ಮೆ ನಮ್ಮಜ್ಜಿಯನ್ನು ಕೇಳಿದ್ದಕ್ಕೆ ಅವಳು ತಲೆಗೊಂದು ಮೊಟಕಿ, "ನಿನ್ನ ಹೊಟ್ಟ್ಯಾಗ ಒಂದು ಗಂಡು ಹುಟ್ಲಿ, ಆಮ್ಯಾಲೆ ಕೇಳು" ಅಂದಳು. ಆ ಮಾತು ಅರ್ಥವಾಗಲು ಬಹಳ ವರ್ಷ ಬೇಕಾಗಲಿಲ್ಲ.

ನಮ್ಮ ಊರಿನ ಕೋರ್ಟಿನಲ್ಲಿ ಸಾಹೇಬರ ಮೇಜಿನ ಎದುರಿಗೆ ಒಂದು ಕಲ್ಲಿನ ತೊಟ್ಟಿ ಇದೆ, ದನಗಳು ನೀರು ಕುಡಿಯುವಂಥದ್ದು. ತಪ್ಪು ಸಾಬೀತಾದರೆ ಅದರಲ್ಲಿ ಎರಡೂ ಕಾಲು ಇಳಿಬಿಟ್ಟು ಕೂರಬೇಕು, ಸಾಹೇಬರು ಸಾಕು ಅನ್ನುವವರೆಗೆ. ಅಲ್ಲಿ ನೆನೆದ ಕಾಲು ಮತ್ತೆ ಒಣಗುವುದಿಲ್ಲ. ಶಿಕ್ಷೆ ಅಂದರೆ ಇಷ್ಟೇ. ಆದರೆ ತಪ್ಪು ಮಾಡಿದವರೇ ಬಂದು ಕೂರಬೇಕು ಅಂತ ನಮ್ಮಲ್ಲಿಲ್ಲ. ಸಾಹೇಬರು ಕೇಳುವುದು "ಈ ಮನಿಯಿಂದ ಯಾರು?" ಎಂದು ಮಾತ್ರ. ಮನೆಯವರು ಮೊದಲೇ ಕೂತು ಮಾತಾಡಿಕೊಂಡಿರುತ್ತಾರೆ. ಆಚೆ ಹೋಗುವ ಕೆಲಸ ಯಾರಿಗಿಲ್ಲವೋ ಅವರು ಕಾಲು ಕೊಡುವುದು. ಮಗ ವ್ಯಾಪಾರಕ್ಕೆ ಹೋಗಬೇಕು, ಅಳಿಯ ನೌಕರಿಗೆ ಹೋಗಬೇಕು, ಮಗಳು ಮದುವೆಯಾಗಿ ಹೋಗಬೇಕು. ಅವ್ವ ಎಲ್ಲಿಗೆ ಹೋಗಬೇಕು?

ಆಚೆ ಎಂದರೆ ಹೊಳೆಯ ಆಚೆಗಿನ ದೇಶ. ನಾವು ಬೆಳೆದದ್ದನ್ನು ಕೊಳ್ಳುವವರು ಅಲ್ಲಿದ್ದಾರೆ, ನಮ್ಮ ಹುಡುಗರಿಗೆ ಕೆಲಸ ಅಲ್ಲಿದೆ, ದೊಡ್ಡ ಆಸ್ಪತ್ರೆಯೂ ಅಲ್ಲೇ. ನಡುವೆ ಒಂದು ಸೇತುವೆ, ಅದರ ಆಚೆ ತುದಿಗೆ ಅವರ ಕಟ್ಟೆ, ಕಟ್ಟೆಯ ಮೇಲೆ ಹಾಸಿದ ಒಂದು ಉದ್ದನೆಯ ಕರಿಕಲ್ಲು. ಚಪ್ಪಲಿ ಕೈಯಲ್ಲಿ ಹಿಡಿದು ಆ ಕಲ್ಲಿನ ಮೇಲೆ ನಡೆಯಬೇಕು. ಹೆಜ್ಜೆ ಮೂಡದಿದ್ದರೆ ಒಳಗೆ ಬಿಡುತ್ತಾರೆ, ಮೂಡಿದರೆ ವಾಪಸು ಕಳಿಸುತ್ತಾರೆ. ಕಾಲಿಗೆ ಜೇನುಮೇಣ ಸವರಿಕೊಂಡು ಹೋಗಿ ನೋಡಿದವರಿದ್ದಾರೆ. ಕಾದ ಮರಳಿನಲ್ಲಿ ಅರ್ಧ ದಿನ ಕಾಲು ಹೂತು ಕೂತು, ಬೊಬ್ಬೆ ಎದ್ದು, ಬೊಬ್ಬೆಯೂ ಒದ್ದೆಯಾಗಿ ಬಂದವರಿದ್ದಾರೆ. ಒಬ್ಬ ತನ್ನ ತಾಯಿಯನ್ನು ಬೆನ್ನ ಮೇಲೆ ಹೊತ್ತುಕೊಂಡು ಹೋಗಿದ್ದ. ಕಟ್ಟೆಯವರು ಬಹಳ ಮರ್ಯಾದೆಯಿಂದ, ಅಮ್ಮನವರನ್ನು ಸ್ವಲ್ಪ ಕೆಳಗಿಳಿಸಿ ಅಂದರಂತೆ. ಮೋಸ ಮಾಡಲು ಹೋಗಿ ಸಿಕ್ಕಿಬಿದ್ದರೆ ಮುಂದೆ ಯಾವತ್ತೂ ಒಳಗೆ ಬಿಡುವುದಿಲ್ಲ ಎಂಬ ನಿಯಮ ಆಮೇಲೆ ಬಂತು.

ಊರು ಒದ್ದೆ ಕಾಲಿಗೆ ಹೊಂದಿಕೊಂಡು ಎಷ್ಟೋ ಕಾಲವಾಗಿದೆ. ಎಲ್ಲರ ಹೊಸ್ತಿಲ ಬಳಿ ಒಂದು ಗೋಣಿತಟ್ಟು ಬಿದ್ದಿರುತ್ತದೆ. ಚರ್ಮದ ಚಪ್ಪಲಿ ಕೊಳೆಯುತ್ತದೆಂದು ಹಳೇ ಟೈರಿನ ಚಪ್ಪಲಿ ಮಾಡಿಕೊಡುವವರಿದ್ದಾರೆ. ಕಾಳಿನ ಅಂಗಡಿಯವರು ಒದ್ದೆ ಕಾಲಿನವರನ್ನು ಮೆಟ್ಟಿಲ ಕೆಳಗೇ ನಿಲ್ಲಿಸಿ ತೂಗಿ ಕೊಡುತ್ತಾರೆ. ಸಸಿ ಮಾರುವವರು ಒಳಗೆ ಕರೆದು ಓಡಾಡಿಸುತ್ತಾರೆ. ಮದುವೆಯ ಹಂದರದಲ್ಲಿ ಧೂಳು ಅಡಗಲೆಂದು ನಾಲ್ಕು ಜನ ಮುದುಕಿಯರನ್ನು ಎಲೆ ಅಡಿಕೆ ಕೊಟ್ಟು ಕರೆಯುವುದು ವಾಡಿಕೆ. ಗಂಡು ನೋಡಲು ಹೋದವರು ಮೊದಲು ನೋಡುವುದು ನೆಲವನ್ನು. ನಮ್ಮಪ್ಪ ನನಗೆ ಗಂಡು ನೋಡಲು ಹೋದಾಗ ಪಡಸಾಲೆಯಲ್ಲಿ ಹುಡುಗನ ತಾಯಿಯ ಹೆಜ್ಜೆಯ ಮೇಲೆ ಜಾರಿ ಬಿದ್ದನಂತೆ. ಎದ್ದವನು ಸೊಂಟ ಹಿಡಿದುಕೊಂಡೇ ಹುಡುಗನ ಕಾಲು ನೋಡಿದ. ಒಣಗಿತ್ತು. "ಏನೋ ಮಾಡ್ಯಾನ, ಆದ್ರ ದುಡೀಲಿಕ್ಕೆ ಅಡ್ಡಿ ಇಲ್ಲ" ಎಂದು ಮನೆಗೆ ಬಂದು ಹೇಳಿದ. ಹಾಗೆ ನನ್ನ ಮದುವೆ ಗುರುಪಾದನ ಜೊತೆ ಆಯಿತು. ಎದುರಿಗೆ ಬಾಯಿತುಂಬ ರೀ ಅನ್ನುತ್ತೇನೆ. ಕಥೆ ಹೇಳುವಾಗ ಅವನು ಅನ್ನುವುದೇ ಸಲೀಸು.

ಅವನು ಮಾಡಿದ್ದು ಇಷ್ಟು. ಇಪ್ಪತ್ತರ ವಯಸ್ಸಿನಲ್ಲಿ, ಗೆಳೆಯನ ಮದುವೆಯ ದಿನ, ಕುಡಿದು ಟೆಂಪೋ ಓಡಿಸಿ ಪೇಟೆಯಲ್ಲಿ ಬಳೆಗಾರ ಇಮಾಮಸಾಬರ ಅಂಗಡಿಗೆ ನುಗ್ಗಿಸಿದ್ದ. ಬಳೆಯೆಲ್ಲ ಪುಡಿಯಾಯಿತು, ಇಮಾಮಸಾಬರ ಬಲ ಮೊಣಕಾಲೂ ಪುಡಿಯಾಯಿತು. ಗುರುಪಾದ ಆಗಷ್ಟೇ ಎಲೆ ವ್ಯಾಪಾರ ಶುರು ಮಾಡಿದ್ದ. ತೋಟಗಳಿಂದ ವೀಳ್ಯದೆಲೆ ಕೊಂಡು, ಬುಟ್ಟಿ ಕಟ್ಟಿ, ದಿನಾ ಬೆಳಿಗ್ಗೆ ಆಚೆ ಒಯ್ದು ಮಾರುವುದು. ಅವನ ಕಾಲು ಒದ್ದೆಯಾದರೆ ಮನೆಯಲ್ಲಿ ಒಲೆ ಹತ್ತುತ್ತಿರಲಿಲ್ಲ. ಅಪ್ಪ ಇರಲಿಲ್ಲ, ತಂಗಿ ಕಸ್ತೂರಿ ಸಣ್ಣವಳು. ಉಳಿದವಳು ಅವ್ವ. ನೀಲವ್ವ ಕೋರ್ಟಿಗೆ ಹೋಗಿ ಕಾಲು ಕೊಟ್ಟು, ಬರುವ ದಾರಿಯಲ್ಲಿ ಬದನೆಕಾಯಿ ಕೊಂಡು ಮನೆಗೆ ಬಂದಳಂತೆ. ಅವತ್ತಿನ ಎಣ್ಣೆಗಾಯಿ ಬಹಳ ಚೆನ್ನಾಗಿತ್ತು ಎಂದು ಗುರುಪಾದ ನನಗೆ ಮದುವೆಯ ಹೊಸತರಲ್ಲಿ ಹೇಳಿದ್ದ. ಕುಡಿಯುವುದನ್ನಂತೂ ಅವನು ಆವತ್ತೇ ಬಿಟ್ಟ.

ನೀಲವ್ವ ಒರಟು ಮಾತಿನ ಹೆಂಗಸು. ನಾನು ರುಬ್ಬಿದ ಚಟ್ನಿಯನ್ನು ಒಂದು ದಿನವೂ ಚೆನ್ನಾಗಿದೆ ಅಂದವಳಲ್ಲ. ಆದರೆ ನೆಲ ಒರೆಸುವ ಬಟ್ಟೆಯನ್ನು ಅವಳು ನನ್ನ ಕೈಗೆ ಕೊಡಲೂ ಇಲ್ಲ. ಅದು ಅಡುಗೆಮನೆಯ ಬಾಗಿಲ ಹಿಂದೆ ಒಂದು ಮೊಳೆಗೆ ತೂಗುತ್ತಿತ್ತು. ಗುರುಪಾದ ಎಲೆ ಹೊತ್ತು ಹೋದ ಮೇಲೆ ಅವಳು ಅದನ್ನು ಹಿಡಿದು ಕುಕ್ಕರಗಾಲಲ್ಲಿ ಕೂತು, ಒಲೆಯ ಮುಂದಿನಿಂದ ಶುರು ಮಾಡಿ, ಹಿಂದೆ ಹಿಂದೆ ಸರಿಯುತ್ತ, ತನ್ನ ಹೆಜ್ಜೆಗಳನ್ನು ತಾನೇ ಒರೆಸಿಕೊಂಡು ಬರುತ್ತಿದ್ದಳು. ಹೊಸ್ತಿಲು ದಾಟಿ, ಕೊನೆಯ ಹೆಜ್ಜೆಯನ್ನು ಹೊರಗಿನಿಂದ ಕೈಚಾಚಿ ಒರೆಸಿ, ನೆಲ ಒಣಗುವವರೆಗೆ ಜಗಲಿಯ ಮೇಲೆ ಕೂತಿರುತ್ತಿದ್ದಳು. ಅವನು ಬರುವ ಹೊತ್ತಿಗೆ ಮನೆ ಹೊಳೆಯುತ್ತಿತ್ತು. ಒಮ್ಮೆ ನಾನು ಬಟ್ಟೆಗೆ ಕೈ ಹಾಕಿದಾಗ "ನನ್ನ ಹೆಜ್ಜಿ ನಾ ಒರಸ್ಕೋತೀನಿ, ನೀ ಆ ಚಟ್ನಿ ಕಡೆ ನೋಡು" ಎಂದು ಕಿತ್ತುಕೊಂಡಳು.

ಕಸ್ತೂರಿಯ ಮದುವೆ ಆಚೆಯವರ ಜೊತೆಗೆ ಆಯಿತು. ಅವಳೇ ಆಗಾಗ ಬಂದು ಹೋಗುತ್ತಿದ್ದಳು. ಅವ್ವ ಅಲ್ಲಿಗೆ ಹೋಗುವ ಮಾತೇ ಬರಲಿಲ್ಲ. ಎರಡು ಸಲ ಕಸ್ತೂರಿಗೆ ಬಸಿರು ನಿಂತು ಎರಡು ಸಲವೂ ಕೈತಪ್ಪಿತು. ಎರಡೂ ಸಲ ಆಸ್ಪತ್ರೆಯಲ್ಲಿ ಅವಳ ಪಕ್ಕದಲ್ಲಿದ್ದವಳು ನಾನು. ನನಗೂ ಮಕ್ಕಳಿಲ್ಲ, ಆ ಮಾತು ಬೇರೆ. ಮೂರನೆಯ ಸಲ ಅವಳು ಮೆಟ್ಟಿಲು ಇಳಿಯಕೂಡದು, ಹಾಸಿಗೆ ಬಿಟ್ಟು ಏಳಕೂಡದು ಎಂದು ಡಾಕ್ಟರು ಹೇಳಿದರು. ತವರಿಗೆ ಬರುವಂತಿರಲಿಲ್ಲ.

ಬಸುರಿಗೆ ಹಸಿರು ಬಳೆ ಇಡಲು ಹೋಗಿದ್ದ ಇಮಾಮಸಾಬರು ಅಲ್ಲಿಂದ ಸುದ್ದಿ ತಂದರು. ಕೋಲೂರಿಕೊಂಡು ಬಂದು ನಮ್ಮ ಜಗಲಿಯ ಮೇಲೆ ಕೂತು, ನೀರು ಕುಡಿದು, ಪೆಟ್ಟಿಗೆಯಿಂದ ಒಂದೇ ಒಂದು ಹಸಿರು ಬಳೆ ತೆಗೆದು ನೀಲವ್ವನ ಮುಂದೆ ಇಟ್ಟರು.

"ಮೊದಲು ಕೈ ಮುಂದ ಮಾಡವಲ್ಲಳಾದಳು ಹುಡುಗಿ. ಅವ್ವನ ಕೈಲೆ ಇಡಿಸ್ಕೋತೀನಿ ಅಂತ ಹಟಾ. ಹೆಂಗೋ ಒಪ್ಪಿಸಿ ಇಟ್ಟು ಬಂದೀನಿ, ಒಂದು ಬಳಿ ಕಡಿಮಿ. ಅದನ್ನ ನೀವ ಇಡಬೇಕಂತ ನೀಲವ್ವ."

"ದಿನಾ ಯಾವಾಗ ತುಂಬ್ತಾವಂತ?" ಎಂದು ನೀಲವ್ವ ಕೇಳಿದಳು.

"ಅಮಾಸಿ ಅಷ್ಟೊತ್ತಿಗೆ ಅಂತಾರ. ಹುಡುಗಿ ಭಾಳ ಅಂಜ್ಯಾಳ. ಕೂಸು ಒದ್ರೂ ಅಳ್ತಾಳ, ಒದೀದಿದ್ರೂ ಅಳ್ತಾಳ."

"ನಾ ಹೋಗ್ತೀನಿ ಅತ್ತಿ" ಅಂದೆ ನಾನು. ಇಮಾಮಸಾಬರು ಕೋಲಿನ ತುದಿ ನೋಡುತ್ತ, "ವೈನಿ ಬ್ಯಾಡಂತವಾ. ವೈನಿ ಮಾರಿ ನೋಡಿದ್ರ ಹಿಂದಿಂದೆಲ್ಲ ನೆನಪಾಗ್ತದ ಅಂದ್ಲು" ಅಂದರು. ನನಗೆ ಬಹಳ ನೋವಾಯಿತು. ಒಳಗೆ ಹೋಗಿ ಸುಮ್ಮನೆ ಪಾತ್ರೆ ತಿಕ್ಕಿದೆ, ತಿಕ್ಕಿದ್ದನ್ನೇ ಮತ್ತೆ ತಿಕ್ಕಿದೆ.

ಒದ್ದೆ ಕಾಲಿನವರಿಗೆ ಆಚೆ ಹೋಗಲು ಒಂದೇ ದಾರಿ, ಅದನ್ನು ನಾವು ಬೂದಿ ಅನ್ನುತ್ತೇವೆ. ದಿನಾ ಕಟ್ಟೆ ಕಾಯುವ ಅವರ ಅಧಿಕಾರಿ ಮಂಗಳವಾರ ಮಾತ್ರ ಇದಕ್ಕೆ ಕೂರುತ್ತಾರೆ. ಏನು ತಪ್ಪು ಮಾಡಿದ್ದಿರಿ, ಅದಕ್ಕೆ ಪಶ್ಚಾತ್ತಾಪ ಇದೆಯೇ, ಮುಂದೆ ಮಾಡುವಿರಾ ಎಂದು ಕೇಳುತ್ತಾರೆ. ಉತ್ತರ ಸರಿ ಕಂಡರೆ ಕರಿಕಲ್ಲಿನ ಮೇಲಿನ ಹಸಿ ಹೆಜ್ಜೆಗೆ ಒಂದು ಹಿಡಿ ಬೂದಿ ಉದುರಿಸುತ್ತಾರೆ, ಹೋಗಬಹುದು ಎಂದರ್ಥ. ಕಷ್ಟವಿರುವುದು ಮೊದಲ ಪ್ರಶ್ನೆಯಲ್ಲೇ. ತಪ್ಪು ಮಾಡಿದವರು ಬೇರೆ, ಕಾಲು ಕೊಟ್ಟವರು ಬೇರೆ ಎಂಬುದು ಆಚೆಯವರಿಗೆ ಗೊತ್ತಿಲ್ಲ. ಗೊತ್ತಾಗುವಂತೆಯೂ ಇಲ್ಲ. ಗೊತ್ತಾದ ದಿನ ನಮ್ಮ ಊರಿನ ಒಣಗಿದ ಕಾಲಿನ ಗಂಡಸರೆಲ್ಲ ಸೇತುವೆಯ ಈಚೆಗೇ ಉಳಿಯುತ್ತಾರೆ. ಹಾಗಾಗಿ ಎಂಬತ್ತರ ಮುದುಕಿಯರು ಕಟ್ಟೆಯ ಮುಂದೆ ನಿಂತು, ತಾವು ಕಾಂಪೌಂಡು ಹಾರಿ ರೇಷನ್ ಅಂಗಡಿಯ ಬೀಗ ಮುರಿದದ್ದನ್ನೂ, ಕಬಡ್ಡಿ ಆಟದಲ್ಲಿ ಒಬ್ಬನ ಹಲ್ಲು ಉದುರಿಸಿದ್ದನ್ನೂ ಹೇಳುತ್ತಾರೆ. ಆಚೆ ದೇಶದಲ್ಲಿ ನಮ್ಮ ಊರಿನ ಮುದುಕಿಯರೆಂದರೆ ಭಾರಿ ಹೆದರಿಕೆ. ಊಟ ಮಾಡದ ಮಕ್ಕಳಿಗೆ ಅವರ ಹೆಸರು ಹೇಳುತ್ತಾರಂತೆ.

ಇನ್ನೊಂದು ದಾರಿಯೂ ಇತ್ತು, ಅದು ನಮ್ಮ ಕೋರ್ಟಿನದು. ತಪ್ಪು ಮಾಡಿದವನು ಯಾವಾಗ ಬೇಕಾದರೂ ಬಂದು ತೊಟ್ಟಿಯಲ್ಲಿ ಕೂರಬಹುದು, ಆಗ ಕಾಲು ಕೊಟ್ಟವರ ಕಾಲು ಒಣಗುತ್ತದೆ. ನನಗೆ ತಿಳಿದಂತೆ ಯಾರೂ ಹಾಗೆ ಮಾಡಿದವರಿಲ್ಲ. ಗುರುಪಾದ ಒಂದು ಸಲ ಊಟಕ್ಕೆ ಕೂತವನು ಆ ಮಾತು ತೆಗೆಯಲು ಹೋಗಿ "ಅವ್ವಾ, ಬೇಕಾದ್ರ ನಾನು" ಎನ್ನುವಷ್ಟರಲ್ಲಿ ನೀಲವ್ವ "ಮುಚ್ಚು ಬಾಯಿ. ಎಲಿ ಯಾರು, ನಿಮ್ಮಪ್ಪ ಒಯ್ತಾನೇನು?" ಅಂದಳು. ಅವನು ಬಾಯಿ ಮುಚ್ಚಿ ಉಂಡ. ಅವನಿಗೆ ಸಮಾಧಾನವಾದದ್ದು ಮುಖದಲ್ಲೇ ಕಾಣುತ್ತಿತ್ತು. ನಾನೂ ಏನೂ ಅನ್ನಲಿಲ್ಲ. ಎಲೆ ಹೋಗದಿದ್ದರೆ ಅನ್ನ ಇಲ್ಲ ಎಂದು ನನಗೂ ಅನ್ನಿಸಿತ್ತು.

ಮಂಗಳವಾರಕ್ಕೆ ಮೊದಲು ನೀಲವ್ವ ತಾನು ಮಾಡಿದ ತಪ್ಪನ್ನು ಕಲಿಯಬೇಕಾಗಿತ್ತು. ಭಾನುವಾರ ಮಧ್ಯಾಹ್ನ ಅವಳು ಮಗನನ್ನು ಎದುರಿಗೆ ಕೂರಿಸಿಕೊಂಡಳು. ನಾನು ಮೂಲೆಯಲ್ಲಿ ಅಕ್ಕಿ ಆರಿಸುತ್ತಿದ್ದೆ. ಅವಳು ಊಟದ ತಾಟನ್ನು ಸ್ಟೇರಿಂಗಿನ ಹಾಗೆ ಹಿಡಿದುಕೊಂಡಳು. ಬೀಸುವ ಕಲ್ಲನ್ನು ಇಮಾಮಸಾಬರ ಅಂಗಡಿ ಅಂತ ಇಟ್ಟುಕೊಂಡದ್ದಾಯಿತು.

"ಹೇಳು. ಬ್ರೇಕು ಯಾವ ಕಾಲಿಗೆ?"

"ಬಲಗಾಲಿಗೆ."

"ಒತ್ತಿದ್ಯಾ?"

"ಒತ್ತಿದ್ನೋ ಇಲ್ಲೋ... ಗಾಡಿ ಹೋಗಿ ಬಡೀತವ್ವಾ."

"ಗಾಡಿ ತಾನ ಎದ್ದು ಹೋತೇನು? ಹಂಗಂದ್ರ ಆ ಅಧಿಕಾರಿ ಕೇಳ್ತದೇನು? ನಾ ಹೊಡದೆ, ನಾ ಬಡದೆ ಅನಬೇಕು. ನೀ ಹಂಗ ಹೇಳು, ನಾ ಹಂಗ ಕಲೀತೀನಿ."

ಗುರುಪಾದ ಕತ್ತು ಬಗ್ಗಿಸಿ ನಿಧಾನವಾಗಿ ಶುರು ಮಾಡಿದ. ನಾ ಕುಡಿದಿದ್ದೆ. ಬ್ಯಾಡ ಅಂತ ಗೆಳ್ಯಾ ಅಂದ್ರೂ ನಾ ಚಾವಿ ಕಸಗೊಂಡೆ. ಪೇಟಿ ಬಂದಾಗ ಬಳಿ ಅಂಗಡಿ ಕಾಣಿಸ್ತು. ಇಮಾಮಸಾಬ ಬಳಿ ಡಬ್ಬಿ ಒಳಗ ಎಳೀಲಿಕ್ಹತ್ತಿದ್ದ. ನಾ ಅವನ್ನ ನೋಡ್ದೆ. ಹತ್ರಕ್ಕ ಹೋಗಿ ಅಂಜಿಸಬೇಕು ಅನ್ನಿಸ್ತು. ನಗ್ತಿದ್ದೆ. ಆಮ್ಯಾಲೆ ಕಾಲಿಗೆ ಬ್ರೇಕು ಸಿಗಲಿಲ್ಲ.

ನೀಲವ್ವ ಪ್ರತಿ ಮಾತನ್ನೂ ಅವನ ಹಿಂದೆಯೇ ಹೇಳಿಕೊಂಡು ಬಂದಳು, ಸಾಲೆಯ ಮಗು ಮಗ್ಗಿ ಹೇಳುವಂತೆ. ನಗ್ತಿದ್ದೆ ಅನ್ನುವಲ್ಲಿ ಮಾತ್ರ ಸ್ವಲ್ಪ ತಡವರಿಸಿದಳು. ಆಮೇಲೆ, "ಮುಂದಿಂದು ನನಗ ಗೊತ್ತೈತಿ. ಗಾಡಿ ಇಳಿದೆ, ಮುದುಕನ್ನ ಎತ್ತಿದೆ, ದವಾಖಾನಿಗೆ ಒಯ್ದೆ" ಅಂದಳು. ಆವತ್ತು ಅವನು ಮನೆಗೆ ಬಂದು ಹೇಳಿದ್ದು ಹಾಗೇ. ನನಗೂ ಹಾಗೇ ಹೇಳಿದ್ದ.

ಗುರುಪಾದ ಬೀಸುವ ಕಲ್ಲನ್ನು ದೂರ ತಳ್ಳಿದ.

"ಹೇಳೋ. ಯಾವ ದವಾಖಾನಿ? ಕೇಳಿದ್ರ ಹೇಳಬೇಕಲ್ಲ."

"ಎತ್ತಲಿಲ್ಲವ್ವಾ. ಮಗಾ, ಕೈ ಕೊಡೋ ಅಂತ ಒದರಿದ. ಓಡಿ ಬಂದೆ."

ನೀಲವ್ವ ತಾಟನ್ನು ಕೆಳಗಿಟ್ಟಳು. ನಾನು ಅಕ್ಕಿ ಆರಿಸುವುದನ್ನು ಬಿಟ್ಟಿದ್ದೆ. ಹದಿನೆಂಟು ವರ್ಷ ಆ ಮುದುಕ ಕೋಲೂರಿಕೊಂಡು ನಮ್ಮ ಜಗಲಿಗೆ ಬಂದು ನೀರು ಕುಡಿದು ಹೋಗಿದ್ದ, ಒಂದು ದಿನವೂ ಈ ಮಾತು ಆಡಿರಲಿಲ್ಲ. ನನ್ನ ಗಂಡನ ಮೇಲೆ ನನಗೆ ಆ ಹೊತ್ತು ಅಸಹ್ಯವಾಯಿತು. ಕೊನೆಗೆ ನೀಲವ್ವ ತಾಟನ್ನು ಮತ್ತೆ ಕೈಗೆ ತೆಗೆದುಕೊಂಡು, "ಹಂಗಾರ ನಾನೂ ಓಡಿ ಬಂದೆ ಅಂತ ಹೇಳಬೇಕು" ಅಂದಳು. ಮೊದಲಿನಿಂದ ಇನ್ನೊಂದು ಸಲ ಹೇಳಿಸಿದಳು.

ಮಂಗಳವಾರ ಮೂವರೂ ಹೋದೆವು. ಗುರುಪಾದ ತನ್ನ ಬುಟ್ಟಿಗಳನ್ನು ಹೊತ್ತುಕೊಂಡು ಮೊದಲು ಕರಿಕಲ್ಲು ದಾಟಿ, ಆಚೆ ಬದಿಗೆ ಬುಟ್ಟಿ ಇಳಿಸಿ ನಿಂತ. ನನ್ನ ಕಾಲಿಗೂ ತೊಂದರೆ ಇರಲಿಲ್ಲ. ನೀಲವ್ವನ ಹೆಜ್ಜೆ ಎರಡು ಮೂಡಿದವು, ಕಪ್ಪು ಕಲ್ಲಿನ ಮೇಲೆ ಐದೈದು ಬೆರಳೂ ಎಣಿಸುವಷ್ಟು ಸ್ಪಷ್ಟವಾಗಿ. ಅವಳು ಬಳೆಯನ್ನು ಸೆರಗಿನ ತುದಿಗೆ ಕಟ್ಟಿಕೊಂಡಿದ್ದಳು. ಅಧಿಕಾರಿ ಚಿಕ್ಕ ವಯಸ್ಸಿನ ಹೆಂಗಸು, ಆಚೆಯವರ ಓದಿದ ಕನ್ನಡ. ಮಗ್ಗುಲಿಗೆ ಬೂದಿಯ ಬುಟ್ಟಿ.

"ಅಮ್ಮಾ, ಯಾವ ಕಾರಣಕ್ಕೆ ಬರಬೇಕಾಗಿದೆ?"

"ಮಗಳ ಬಾಣಂತನ ಐತ್ರಿ. ಎರಡು ಸಲ ಕೂಸು ಉಳೀಲಿಲ್ಲ. ಈ ಸಲ ನಾ ಬೇಕಂತಾಳ."

ಅಧಿಕಾರಿಯ ಮುಖ ಸ್ವಲ್ಪ ಸಡಿಲವಾಯಿತು. "ತಾವು ಮಾಡಿದ ತಪ್ಪೇನೆಂದು ತಿಳಿಸಿ."

ನೀಲವ್ವ ಹೇಳಿದಳು. ಚಾವಿ ಕಿತ್ತುಕೊಂಡಲ್ಲಿಂದ ಓಡಿ ಬಂದವರೆಗೆ, ಒಂದು ಮಾತೂ ತಪ್ಪಲಿಲ್ಲ. ಸಾಲಿನಲ್ಲಿ ನಿಂತಿದ್ದ ನಮ್ಮೂರಿನ ಮುದುಕಿಯರು ತಮ್ಮ ತಮ್ಮ ಪಾಠ ಮರೆತು ಕೇಳಿದರು. ಅರವತ್ತು ದಾಟಿದ ಹೆಂಗಸು ಟೆಂಪೋ ಓಡಿಸಿದ ಕಥೆಯನ್ನು ಅಧಿಕಾರಿ ರೆಪ್ಪೆ ಬಡಿಯದೆ ಕೇಳಿದಳು.

"ಪಶ್ಚಾತ್ತಾಪ ಇದೆಯೇ?"

"ಐತ್ರಿ. ಓಡಿ ಬಂದದ್ದಕ್ಕ ಐತಿ" ಎಂದು ನೀಲವ್ವ ಅಧಿಕಾರಿಯನ್ನು ಬಿಟ್ಟು ಗುರುಪಾದ ನಿಂತ ಕಡೆ ನೋಡಿದಳು. "ಗಾಡಿ ಬಡದದ್ದು ಕುಡಿದ ಬುದ್ಧಿ. ಓಡಿ ಬಂದದ್ದು ತನ್ನ ಬುದ್ಧಿ. ಆ ಮುದುಕ ಕೈ ಕೊಡು ಅಂದಿದ್ದ. ಕೊಡಬೇಕಾಗಿತ್ತು."

ಅಧಿಕಾರಿ ಬೂದಿಯ ಬುಟ್ಟಿಗೆ ಕೈ ಹಾಕಿದಳು. ಹಿಡಿ ತುಂಬಿಕೊಂಡದ್ದನ್ನು ನಾನು ನೋಡಿದೆ. ಮೂರನೆಯ ಪ್ರಶ್ನೆ ಬರೀ ರೂಢಿಗೆ ಕೇಳುವಂಥದ್ದು, ಅದಕ್ಕೆ ಇಲ್ಲ ಅಂದರೆ ಮುಗಿಯಿತು. "ಮತ್ತೆ ಅಂಥ ದಿನ ಬಂದರೆ, ತಾವು ಮಾಡಿದ್ದನ್ನು ಮತ್ತೆ ಮಾಡುವಿರಾ?"

ನೀಲವ್ವ ತನ್ನ ಕಾಲು ನೋಡಿಕೊಂಡಳು. ಅವಳಿಗೆ ಬಾಯಿಪಾಠ ಬರುತ್ತಿತ್ತು, ಇಲ್ಲ ಅನ್ನಬೇಕೆಂದು ದಾರಿಯುದ್ದಕ್ಕೂ ನಾನು ಹೇಳಿಕೊಂಡು ಬಂದಿದ್ದೆ. ಆದರೆ ಅವಳು ನಿಜವಾಗಿ ಮಾಡಿದ್ದು ಒಂದೇ ಕೆಲಸ, ಆ ತೊಟ್ಟಿಯಲ್ಲಿ ಕಾಲಿಟ್ಟದ್ದು.

"ಮಾಡ್ತೀನ್ರಿ" ಅಂದಳು.

"ಅಮ್ಮಾ, ಪ್ರಶ್ನೆ ಸರಿಯಾಗಿ ಕೇಳಿಸಿತೇ?"

"ಕೇಳಿಸ್ತು. ನಾ ಮಾಡಿದ್ದು ಮತ್ತ ಮಾಡ್ತೀನಿ. ಅದನ್ನ ಮಾತ್ರ ಇಲ್ಲ ಅನ್ನಾಕ ನನ್ನ ಬಾಯಿ ಬರವಲ್ತು."

ಸಾಲಿನಲ್ಲಿದ್ದ ಮುದುಕಿಯರಲ್ಲಿ ಒಬ್ಬಳು ಸೆರಗು ಬಾಯಿಗೆ ಹಿಡಿದುಕೊಂಡಳು. ಅವರಿಗೆಲ್ಲ ಅರ್ಥವಾಗಿತ್ತು. ಅರ್ಥವಾಗದವಳು ಅಧಿಕಾರಿ ಒಬ್ಬಳೇ. ಅವಳು ಸ್ವಲ್ಪ ಹೊತ್ತು ಕಾದಳು, ಇನ್ನೊಂದು ಮಾತು ಬರಲಿ ಎಂದು ಕಾದಂತಿತ್ತು. ಆಮೇಲೆ ಹಿಡಿಯನ್ನು ಬುಟ್ಟಿಯೊಳಗೇ ಬಿಚ್ಚಿ, ಕೈ ಕೊಡವಿಕೊಂಡಳು. "ಕ್ಷಮಿಸಿ, ಅಮ್ಮಾ" ಅಂದಳು.

ವಾಪಸು ಬರುವಾಗ ನೀಲವ್ವನನ್ನು ಬಯ್ಯಬೇಕೆಂದು ನನಗೆ ನಾಲಿಗೆಯ ತುದಿಗೆ ಬಂದಿತ್ತು. ಒಂದು ಸುಳ್ಳು, ಅದೂ ಒಂದೇ ಶಬ್ದ. ಅಷ್ಟೆಲ್ಲ ಸುಳ್ಳು ಹೇಳಿದವಳಿಗೆ ಇದೊಂದು ಹೆಚ್ಚಾಯಿತೇ? ಅವಳು ಸೇತುವೆಯ ಉದ್ದಕ್ಕೂ ಸೆರಗಿನ ಗಂಟನ್ನು ಬೆರಳಿನಿಂದ ಮುಟ್ಟಿ ಮುಟ್ಟಿ ನೋಡಿಕೊಳ್ಳುತ್ತಿದ್ದಳು. ನಾನು ಬಾಯಿ ತೆರೆಯಲಿಲ್ಲ. ಗುರುಪಾದ ನಮಗಿಂತ ಮುಂದೆ ಬಿರುಸಾಗಿ ನಡೆದು ಹೋದ. ಬುಟ್ಟಿಗಳನ್ನು ಅವನು ಕಟ್ಟೆಯಲ್ಲೇ ಬಿಟ್ಟಿದ್ದಾನೆಂದು ನನಗೆ ಮನೆ ಮುಟ್ಟಿದ ಮೇಲೆ ಹೊಳೆಯಿತು.

ಊಟದ ಹೊತ್ತಾದರೂ ಬರಲಿಲ್ಲವೆಂದು ಹುಡುಕಲು ಹೊರಟೆ. ಇಮಾಮಸಾಬರ ಅಂಗಡಿಗೆ ಬಂದು ಕೂತು ಹೋಗಿದ್ದನಂತೆ. ಏನಂದ ಎಂದು ಕೇಳಿದೆ. "ಏನಿಲ್ಲವಾ, ನನ್ನ ಕೈ ಹಿಡಕೊಂಡು ಕುಂತಿದ್ದ. ಗಿರಾಕಿ ಬಂದ್ರು, ಬಿಡು ಅಂದೆ" ಅಂದರು ಅವರು. ಕೋರ್ಟಿನ ಬಾಗಿಲಿಗೆ ಹೋದಾಗ ಅಲ್ಲಿ ಜನ ಕೂಡಿದ್ದರು. ಗುರುಪಾದ ಪ್ಯಾಂಟು ಮೊಣಕಾಲಿನವರೆಗೆ ಮಡಚಿ ತೊಟ್ಟಿಯ ಅಂಚಿನ ಮೇಲೆ ಕೂತಿದ್ದ. ಸಾಹೇಬರು ಬೇರೆ ಏನು ಕೇಳಬೇಕೋ ತಿಳಿಯದೆ, ರೂಢಿಯಂತೆ ಕೇಳಿದರು:

"ಈ ಮನಿಯಿಂದ ಯಾರು?"

"ಮನಿಯಿಂದ ಅಲ್ರಿ" ಅಂದ ಅವನು. "ನಾ ಮಾಡಿದ್ದು. ನಾ ಬಂದೀನಿ."

ಮನೆಗೆ ಬಂದಾಗ ನೀಲವ್ವ ಅಂಗಳದಲ್ಲಿ ನಿಂತು ತನ್ನ ಹಿಂದಿನ ನೆಲ ನೋಡುತ್ತಿದ್ದಳು. ನಾಲ್ಕು ಹೆಜ್ಜೆ ನಡೆಯುವಳು, ತಿರುಗಿ ನೋಡುವಳು. ಏನಾಗಿದೆ ಎಂದು ಅವಳಿಗೆ ನಾನು ಹೇಳಬೇಕಾಗಲಿಲ್ಲ. ಗುರುಪಾದ ಹೊಸ್ತಿಲಿಗೆ ಬಂದು ಹಸಿ ಹೆಜ್ಜೆ ಇಡುತ್ತಿದ್ದಂತೆ ಅವಳು ಬಾಗಿಲ ಹಿಂದಿನ ಬಟ್ಟೆ ತಂದು ಅವನ ಬೆನ್ನಿಗೆ ನಾಲ್ಕು ಬಾರಿಸಿದಳು. "ಯಾವ ಮೂಳ ಹೇಳಿದ್ದ ನಿನಗ? ಇಷ್ಟು ವರ್ಷ ಕಾಯ್ದದ್ದು ಒಂದು ಗಳಿಗ್ಯಾಗ ಹಾಳ ಮಾಡಿದ್ಯಲ್ಲೋ!" ಎಂದು ಕೂಗಾಡಿದಳು. ಅವನು ಬೆನ್ನು ಕೊಟ್ಟು ನಿಂತ. ಕೈ ಸೋತ ಮೇಲೆ ಅವಳು ಅಲ್ಲೇ ಕೂತು ಅತ್ತಳು. ಅವಳು ಅತ್ತದ್ದನ್ನು ನಾನು ನೋಡಿದ್ದು ಅದೇ ಮೊದಲು.

ಮರುದಿನ ಬೆಳಿಗ್ಗೆ ತೋಟದಿಂದ ಎಲೆ ಬಂದು ಬಿತ್ತು. ಎಲೆ ಯಾರಿಗೂ ಕಾಯುವುದಿಲ್ಲ. ಮೂವರೂ ಬುಟ್ಟಿಯ ಸುತ್ತ ನಿಂತು ನೋಡಿದೆವು. ನಾನು ಸಿಂಬಿ ಸುತ್ತಿ ತಲೆಯ ಮೇಲಿಟ್ಟುಕೊಂಡು, "ಎತ್ತಿ ಕೊಡ್ರಿ" ಅಂದೆ. ಎಲೆ ಯಾರು ಒಯ್ಯುತ್ತಾರೆ ಎಂದು ಹದಿನೆಂಟು ವರ್ಷ ಹೆದರಿಕೊಂಡು ಕೂತಿದ್ದ ಮನೆ ಅದು. ಬುಟ್ಟಿ ನಾನು ಅಂದುಕೊಂಡಷ್ಟು ಭಾರವಿರಲಿಲ್ಲ. ನನಗೆ ನಗುವೂ ಬಂತು, ಸಿಟ್ಟೂ ಬಂತು.

ಕಟ್ಟೆಯಲ್ಲಿ ಅದೇ ಅಧಿಕಾರಿ ಇದ್ದಳು. ನೀಲವ್ವ ಚಪ್ಪಲಿ ಕೈಯಲ್ಲಿ ಹಿಡಿದು ಕರಿಕಲ್ಲಿನ ಮೇಲೆ ನಡೆದಳು. ಕಲ್ಲು ಹಾಗೇ ಇತ್ತು. ಅಧಿಕಾರಿ ಕಲ್ಲನ್ನು ನೋಡಿದಳು, ಅವಳನ್ನು ನೋಡಿದಳು, ನನ್ನ ತಲೆಯ ಮೇಲಿನ ಬುಟ್ಟಿಯನ್ನು ನೋಡಿದಳು.

"ದಿನವೂ ಎಲೆ ತರುತ್ತಿದ್ದವರು ಇವತ್ತು ಬರಲಿಲ್ಲವೇ?"

"ಇನ್ನ ಮ್ಯಾಲೆ ನಾ ತರ್ತೀನ್ರಿ" ಅಂದೆ.

ಅವಳು ಏನೋ ಕೇಳಲು ಹೊರಟು, ನೀಲವ್ವನ ಸೆರಗಿನ ಗಂಟಿನ ಮೇಲೆ ಕಣ್ಣಿಟ್ಟು, ಹಾಗೇ ಬಿಟ್ಟಳು. "ಮಗಳು ಕಾಯುತ್ತಿರಬೇಕು. ಊರಿಗೆ ಎಡಗಡೆಯ ದಾರಿ ಹತ್ತಿರ" ಅಂದಳು.

ಅಮಾವಾಸ್ಯೆಗೆ ಎರಡು ದಿನ ಮೊದಲು ಕಸ್ತೂರಿಗೆ ಹೆರಿಗೆಯಾಯಿತು. ಎಲೆ ಮಾರಿ ನಾನು ಆಸ್ಪತ್ರೆಗೆ ಹೋದಾಗ ನೀಲವ್ವ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು, ನರ್ಸಿಗೆ ಬಟ್ಟೆ ಸುತ್ತಲು ಬರುವುದಿಲ್ಲವೆಂದು ಬಯ್ಯುತ್ತಿದ್ದಳು. ಕಸ್ತೂರಿ ನನ್ನನ್ನು ಕಂಡು ಕೈ ಚಾಚಿದಳು. ಒಂದು ಬಳೆಯ ಹಸಿರು ಉಳಿದವಕ್ಕಿಂತ ಸ್ವಲ್ಪ ಗಾಢವಾಗಿತ್ತು. ನಾನು ಅವಳ ಕೈ ಹಿಡಿದುಕೊಂಡು ಅತ್ತೆ. ಹಿಂದಿನ ನೋವು ಅಲ್ಲಿಗೆ ಹೋಯಿತು.

ಸುದ್ದಿ ಹೊತ್ತು ಮಧ್ಯಾಹ್ನ ಮನೆಗೆ ಬಂದರೆ ನೆಲವೆಲ್ಲ ಹಸಿ ಹೆಜ್ಜೆ. ಗುರುಪಾದ ಆ ಬಟ್ಟೆ ಹಿಡಿದು ಪಡಸಾಲೆಯ ನಡುವೆ ಕುಕ್ಕರಗಾಲಲ್ಲಿ ಕೂತಿದ್ದ. ಒರೆಸುತ್ತ ಮುಂದೆ ಮುಂದೆ ಹೋಗುತ್ತಿದ್ದ, ಒರೆಸಿದ ಜಾಗದಲ್ಲಿ ಅವನ ಕಾಲು ಹಿಂದಿನಿಂದ ಮತ್ತೆ ಮೂಡುತ್ತಿತ್ತು.

"ಹೆಣ್ಣು" ಅಂದೆ.

"ಅವ್ವ?"

"ಅವ್ವನ ತೊಡಿ ಮ್ಯಾಲೆ ಐತಿ ಕೂಸು."

ಅವನು ತಲೆ ಆಡಿಸಿದ. ಕಣ್ಣು ತೋಳಿನಿಂದ ಒರೆಸಿಕೊಂಡ. "ಮುಂಜಾನಿಂದ ಒರಸ್ಲಿಕ್ಹತ್ತೀನಿ. ಎಷ್ಟು ಒರಸಿದ್ರೂ ಮುಗೀವಲ್ತು" ಅಂದ.

"ಮುಂದ ಹೋಗಬ್ಯಾಡ್ರಿ. ಒಲಿ ಮುಂದಿಂದ ಶುರು ಮಾಡಿ ಹಿಂದಕ ಸರಕೊಂತ ಬರ್ರಿ. ಅತ್ತಿ ಹಂಗ ಒರಸ್ತಿದ್ರು."

ಅವನು ಬಟ್ಟೆ ಹಿಡಿದ ಕೈ ನಿಲ್ಲಿಸಿ ತಲೆ ಎತ್ತಿದ. "ಅವ್ವ ಒರಸ್ತಿದ್ಲಾ?" ಅಂದ. "ಇಷ್ಟು ದಿನಾ ನೀ ಒರಸ್ತಿ ಅಂತ ತಿಳಕೊಂಡಿದ್ದೆ."

ಅವನು ಎದ್ದು ಅಡುಗೆಮನೆಗೆ ಹೋಗಿ, ಒಲೆಯ ಮುಂದೆ ಕೂತು ಮೊದಲಿನಿಂದ ಶುರು ಮಾಡಿದ. ಹಿಂದೆ ಸರಿಯುವುದು ಅವನಿಗೆ ಅಭ್ಯಾಸವಿರಲಿಲ್ಲ, ಎರಡು ಸಲ ಗೋಡೆಗೆ ಬೆನ್ನು ಬಡಿಯಿತು. ಹೊಸ್ತಿಲು ದಾಟಿ, ಕೊನೆಯ ಹೆಜ್ಜೆಯನ್ನು ಹೊರಗಿನಿಂದ ಕೈಚಾಚಿ ಒರೆಸಿ, ಜಗಲಿಯ ಮೇಲೆ ಅವ್ವ ಕೂರುತ್ತಿದ್ದ ಜಾಗದಲ್ಲಿ ಕೂತ. ನಾನು ಖಾಲಿ ಬುಟ್ಟಿ ಇಳಿಸಿ ಪಕ್ಕದಲ್ಲಿ ಕೂತೆ. ನೆಲ ಒಣಗುವವರೆಗೆ ಇಬ್ಬರೂ ಒಳಗೆ ಹೋಗುವಂತಿರಲಿಲ್ಲ.